ಡ್ರೈವರ್ ಇಲ್ಲದ ಲ್ಯಾಪ್‌ಟಾಪು

ಯಸಳೂರು ಸುತ್ತಮುತ್ತ ನನಗಿರುವ ಹೆಸರು ಫ್ಲೆಕ್ಸ್ ಮಧು. ಅಪ್ಪ ಅಮ್ಮ ಮಧುಶ್ರೀ ಅಂತ ಚೆಂದದ ಹೆಸರಿಟ್ಟು ಮದುವೆ ಮಾಡಿ ಕಳಿಸಿದ್ದರು. ಇಲ್ಲಿಗೆ ಬಂದ ಮೇಲೆ ಅದರ ಅರ್ಧ ಉದುರಿ, ಮುಂದೆ ಒಂದು ಫ್ಲೆಕ್ಸು ಸೇರಿಕೊಂಡಿತು. ಗಣಪತಿ ಕೂರಿಸುವವರ ಫ್ಲೆಕ್ಸು, ಹುಟ್ಟುಹಬ್ಬದ ಫ್ಲೆಕ್ಸು, ಭಾವಪೂರ್ಣ ಶ್ರದ್ಧಾಂಜಲಿಯ ಫ್ಲೆಕ್ಸು, ಎಲ್ಲ ನನ್ನ ಕೈಯಿಂದಲೇ ಹೋಗಬೇಕು. ಒಂದೇ ಫ್ಲೆಕ್ಸಿನಲ್ಲಿ ಊರಿನ ಅರ್ಧ ಜನರ ಫೋಟೊ ತುರುಕಿಸುವವರೂ ಅವರೇ, ಆಮೇಲೆ ನನ್ನ ಮುಖ ಅವನ ಮುಖಕ್ಕಿಂತ ಯಾಕೆ ಚಿಕ್ಕದಾಯಿತು ಅಂತ ಜಗಳಕ್ಕೆ ಬರುವವರೂ ಅವರೇ. ನಾನು ಹಾಸನದಲ್ಲಿ ಡಿಪ್ಲೊಮಾ ಮಾಡಿರುವುದು ಮನೆ ವಿನ್ಯಾಸದಲ್ಲಿ ಅಂತ ಹೇಳಿದರೆ, "ಅದೇ ಕಣವ್ವ, ಫ್ಲೆಕ್ಸು" ಅನ್ನುತ್ತಾರೆ. ಸಿಟ್ಟು ಬರದೆ ಇರುತ್ತದೆಯೇ?

ಹೀಗಿರುವಾಗ, ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ ಆಲೂರಿನ ಎಂಜಿನಿಯರ್ ಸುನಿಲ್‌ಕುಮಾರ್ ಫೋನ್ ಮಾಡಿದರು. ಆನೇಮಹಲ್‌ನ ಸರೋಜಮ್ಮ ಎಂಬ ಕಾಫಿ ಬೆಳೆಗಾರರ ಹಳೆಯ ಮನೆ ಹೆದ್ದಾರಿ ಅಗಲ ಮಾಡುವಾಗ ಹೋಗಿತ್ತು. ಹಿಂದಿನ ದಿಬ್ಬದಲ್ಲಿ ಹೊಸದು ಕಟ್ಟಬೇಕು. ಪ್ಲಾನು ಮಾತ್ರ ಒಪ್ಪಿಗೆಯಾಗುತ್ತಿಲ್ಲ.

"ಮೂರು ಪ್ಲಾನ್ ವಾಪಸ್ ಕಳಿಸವ್ರೆ ಮಾರಾಯ್ರೆ," ಅಂದರು ಸುನಿಲ್‌ಕುಮಾರ್. "ಏನು ಸರಿ ಇಲ್ಲ ಹೇಳಿ ಅಂದ್ರೆ, ಏನೋ ಒಂದು ಸರಿ ಇಲ್ಲ, ಏನೂಂತ ನಂಗೂ ಗೊತ್ತಾಗ್ತಿಲ್ಲ ಅಂತಾರೆ. ಗೆರೆ ನೋಡಿದ್ರೆ ತಿಳಿಯಲ್ವಂತೆ. ಮನೆ ಒಳಗೆ ಓಡಾಡಿ ನೋಡಿದ್ರೇನೇ ಹೂಂ ಅನ್ನೋದಂತೆ. ಕಟ್ಟದೇ ಇರೋ ಮನೇಲಿ ಎಂಗೆ ಓಡಾಡ್ಸೋದು? ನೀವು ಕಂಪ್ಯೂಟರ್‌ನಲ್ಲಿ ಹಂಗೇನೋ ಮಾಡ್ತೀರಂತೆ."

"ಮಾಡ್ತೀನಿ ಸಾರ್," ಅಂದುಬಿಟ್ಟೆ. ಹೋಮ್‌ಸ್ಟೇ ಒಂದಕ್ಕೆ ನಾಲ್ಕು ಚಿತ್ರ ಮಾಡಿಕೊಟ್ಟಿದ್ದೆ, ಅಷ್ಟೇ. ಒಳಗೆ ಓಡಾಡುವಂಥ ಮನೆಯನ್ನು ಇನ್ನೂ ಯಾರಿಗೂ ಮಾಡಿಕೊಟ್ಟಿರಲಿಲ್ಲ.

"ಮುಂದಿನ ಸೋಮವಾರಕ್ಕೆ ತೋರಿಸ್ಬೇಕು. ಅವ್ರು ಒಪ್ಪಿದ್ರೆ ನನ್ನ ಬಾಕಿ ಮನೆಗಳೆಲ್ಲ ನಿಮಗೇ. ಆಗ್ಲಿಲ್ಲಾಂದ್ರೆ ಬೆಂಗಳೂರಿನೋರಿಗೆ ಕೊಟ್ಬುಡ್ತೀನಿ. ನೀವು ಗೃಹಪ್ರವೇಶದ ಫ್ಲೆಕ್ಸ್ ಮಾಡ್ಕೊಡೀರಂತೆ."

ಆ ಕೊನೆಯ ಮಾತು ನನಗೆ ಚುಚ್ಚಿತು. ಈ ಕೆಲಸ ಕೈಬಿಟ್ಟರೆ ನಾನು ಸಾಯುವ ತನಕ ಫ್ಲೆಕ್ಸ್ ಮಧುವೇ, ಸತ್ತ ಮೇಲೆ ನನ್ನ ಶ್ರದ್ಧಾಂಜಲಿಯ ಫ್ಲೆಕ್ಸು ಮಾಡುವುದಕ್ಕೂ ಜನ ನನ್ನನ್ನೇ ಹುಡುಕುತ್ತಾರೆ ಅನ್ನಿಸಿತು.

ಸುನಿಲ್‌ಕುಮಾರ್ ಕಳಿಸಿದ ಪ್ಲಾನು, ಜಾಗದ ಫೋಟೊ ಮುಂದಿಟ್ಟುಕೊಂಡು ಕೂಡಲೇ ಕೆಲಸಕ್ಕೆ ಕೂತೆ. ನನ್ನ ಲ್ಯಾಪ್‌ಟಾಪು ಕಾಲೇಜು ದಿನಗಳದ್ದು. ಗೋಡೆ ಎಬ್ಬಿಸುವ ತನಕ ಹೇಗೋ ಏದುಸಿರು ಬಿಡುತ್ತಾ ಬಂತು. ಚಾವಣಿ ಹೊದಿಸಿ, ಮನೆಯನ್ನು ಒಂದು ಸುತ್ತು ತಿರುಗಿಸಿದೆನೋ ಇಲ್ಲವೋ, ಪರದೆ ನಿಂತಲ್ಲೇ ನಿಂತಿತು. ಅದನ್ನು ತಣ್ಣಗೆ ಮಾಡಿ ಮತ್ತೆ ತೆರೆದೆ, ಮತ್ತೆ ನಿಂತಿತು.

ನನ್ನ ಗಂಡ ಮೋಹನ್ ಹಿಂದೆ ಬಂದು ನಿಂತು ನೋಡುತ್ತಿದ್ದರು. "ಇದು ಸತ್ತೋಗೈತೆ ಕಣೇ. ಹೊಸದು ತಗಳಣ. ಒಳ್ಳೆ ಪವರ್ ಇರೋದು, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರೋದು. ನಿನ್ನ ಡಿಸೈನ್‌ಗೇ ನಾನು ಹೇಳ್ತಿರೋದು."

ಡಿಸೈನ್‌ಗಲ್ಲ ಅಂತ ನಾನೇನೂ ಅಂದಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಮೋಹನ್ ಹಗಲೆಲ್ಲ ತೋಟದಲ್ಲಿ ಕಾಫಿ ಹಣ್ಣು ತೂಗಿಸಿಕೊಳ್ಳುವ ಗಂಭೀರ ಮನುಷ್ಯ. ಸಂಜೆ ಕೈಕಾಲು ತೊಳೆದು ಕೂತರೆ ಮೊಬೈಲಿನಲ್ಲಿ ಕಾರು ಓಡಿಸುತ್ತಾರೆ, ಕತ್ತಿ ಬೀಸುತ್ತಾರೆ, ಯಾರದೋ ಕೋಟೆಗೆ ನುಗ್ಗುತ್ತಾರೆ. ದೊಡ್ಡ ಪರದೆಯಲ್ಲಿ ಆಡಬೇಕೆಂಬ ಆಸೆ ಅವರಿಗೆ ಮದುವೆಗೆ ಮುಂಚಿನಿಂದಲೂ ಇತ್ತು. ಮಾತಿನ ಮಧ್ಯೆ ಬೀರು ತೆಗೆದಾಗ ಪಂಚೆಗಳ ಕೆಳಗೆ ಒಂದು ಹೊಸ ಜಾಯ್‌ಸ್ಟಿಕ್ಕು ಸಿಕ್ಕಿತು.

"ಇದೇನ್ರೀ? ಕೂಸು ಹುಟ್ಟೋಕೆ ಮುಂಚೆ ಕುಲಾವಿ?"

"ಆಫರ್ ಇತ್ತು ಕಣೇ," ಅಂದರು, ತಲೆ ತಗ್ಗಿಸಿ.

ಹೀಗೆ ಲ್ಯಾಪ್‌ಟಾಪು ತರಲು ಹಾಸನಕ್ಕೆ ಹೊರಟೆವು. ಹೊರಟ ಮೇಲೆ ಮಾವ ಹುಚ್ಚಣ್ಣನವರೂ ಶಾಲು ಹೊದ್ದು ಕಾರು ಹತ್ತಿ ಕೂತರು. ನಮ್ಮ ಮನೆಗೆ ಒಂದು ಕತ್ತಿ ಬಂದರೂ ಮಾವ ಅದನ್ನು ಕೈಯಲ್ಲಿ ತೂಗಿ ನೋಡದೆ ಬರುವಂತಿಲ್ಲ. ನಾನು ಒಂದು ಕರವಸ್ತ್ರದಲ್ಲಿ ಹಿಡಿ ಕಾಫಿ ಹಣ್ಣು ಕಟ್ಟಿಕೊಂಡೆ. ಅದು ಯಾಕೆ ಅಂತ ಇಬ್ಬರೂ ಕೇಳಿದರು, ನಾನು ಹೇಳಲಿಲ್ಲ.

ಅಂಗಡಿಯಲ್ಲಿ ಪ್ರವೀಣ್ ಅಂತ ಒಬ್ಬರಿದ್ದರು. ಮಾರುವುದೂ ಅವರೇ, ಬಿಚ್ಚಿ ರಿಪೇರಿ ಮಾಡುವುದೂ ಅವರೇ. ಏನು ಕೆಲಸಕ್ಕೆ ಅಂತ ಕೇಳಿದರು. ನಾನು ಡಿಸೈನ್ ಅಂದೆ, ಅದೇ ಉಸಿರಿಗೆ ಮೋಹನ್ ಗೇಮಿಂಗ್ ಅಂದರು. ಪ್ರವೀಣ್ ಇಬ್ಬರ ಮುಖವನ್ನೂ ನೋಡಿ ನಕ್ಕರು. "ಎರಡಕ್ಕೂ ಬೇಕಾಗೋದು ಒಂದೇ ಥರದ ಮಿಷನ್ನು ಮೇಡಂ. ಜಗಳ ಬರೋದು ಪರದೆ ಹತ್ರ ಮಾತ್ರ."

ಜಗಳ ಅಲ್ಲಿಗೇ ಬಂತು. ಮೋಹನ್ ಆರಿಸಿದ್ದರ ಪರದೆ ಮಿಂಚಿನ ವೇಗದ್ದು, ಆಟದಲ್ಲಿ ಕಾರು ಎಷ್ಟು ಜೋರಾಗಿ ತಿರುಗಿದರೂ ಚಿತ್ರ ಕಲಸಿಹೋಗುವುದಿಲ್ಲವಂತೆ. ನಾನು ಕರವಸ್ತ್ರ ಬಿಚ್ಚಿ, ಹಣ್ಣನ್ನು ಮೇಜಿನ ಮೇಲಿಟ್ಟು, ಅದರದ್ದೇ ಫೋಟೊ ತೆಗೆದು ಆ ಪರದೆಯಲ್ಲಿ ಹಾಕಿಸಿದೆ. ಮೇಜಿನ ಮೇಲೆ ಚೆನ್ನಾಗಿ ಮಾಗಿದ ಕೆಂಪು ಹಣ್ಣು, ಪರದೆಯಲ್ಲಿ ಅದೇ ಹಣ್ಣು ಅರೆಗಾಯಿ ಟೊಮೆಟೊ.

"ಈ ಬಣ್ಣ ನಂಬ್ಕೊಂಡು ನಾನು ಯಾರಿಗಾದ್ರೂ ಗೋಡೆಗೆ ಪೇಂಟ್ ಹೇಳಿದ್ರೆ ಹೊಡೆಯೋಕೆ ಬರ್ತಾರೆ," ಅಂದೆ.

"ಆಟದಲ್ಲಿ ಬಣ್ಣ ಯಾರು ನೋಡ್ತಾರೆ?" ಅಂದುಬಿಟ್ಟರು ಮೋಹನ್. ನಿನ್ನ ಡಿಸೈನ್‌ಗೇ ಅಂದದ್ದು ಅವರಿಗೆ ಮರೆತೇ ಹೋಗಿತ್ತು.

ಎತ್ತು ಏರಿಗೆ, ಕೋಣ ನೀರಿಗೆ ಅಂತಾರಲ್ಲ, ಹಾಗೆ ಎಳೆದಾಡಿದೆವು. ಪ್ರವೀಣ್ ಪಾಪ, ಒಂದೊಂದೇ ಲ್ಯಾಪ್‌ಟಾಪು ತಂದು ಹಣ್ಣಿನ ಪಕ್ಕ ಇಡುತ್ತಾ ಹೋದರು. ಒಂದರಲ್ಲಿ ಹಣ್ಣು ಗುಲಾಬಿ, ಒಂದರಲ್ಲಿ ಕಾಫಿ ಪುಡಿಯಷ್ಟು ಕಪ್ಪು. ಕೊನೆಗೆ ಎರಡು ಉಳಿದವು. ಎರಡರಲ್ಲೂ ಹಣ್ಣು ಹಣ್ಣಿನಂತೆಯೇ ಇತ್ತು, ಪರದೆಯ ವೇಗವೂ ಮೋಹನ್‌ಗೆ ಸಾಕಾಗುವಷ್ಟಿತ್ತು. ಒಂದು ತೆಳ್ಳಗೆ, ನುಣ್ಣಗೆ, ಮದುವೆ ಕಾರ್ಡಿನಂತೆ. ಇನ್ನೊಂದು ದಪ್ಪ, ಹಿಂದೆ ಗಾಳಿ ಹೋಗಲು ಜಾಲರಿ. ನನಗೆ ತೆಳ್ಳಗಿನದರ ಮೇಲೆ ಮನಸ್ಸಾಯಿತು.

ಆಗ ಮಾವ ಎದ್ದು ಬಂದರು. ಎರಡನ್ನೂ ಒಂದೊಂದು ಅಂಗೈ ಮೇಲೆ ಇಟ್ಟುಕೊಂಡು, ಮೆಣಸು ಕೊಳ್ಳುವ ಸಾಹುಕಾರರಂತೆ ಕಣ್ಣು ಮುಚ್ಚಿ ತೂಗಿದರು. ತೆಳ್ಳಗಿನದನ್ನು ಕೆಳಗಿಟ್ಟು, "ಇದು ಜೊಳ್ಳು," ಅಂದರು. "ಕಾಳಾಗ್ಲಿ, ಕತ್ತಿಯಾಗ್ಲಿ, ತೂಕ ಇದ್ರೇನೇ ಕೆಲಸ."

ನಾನು ನಗಲು ಹೊರಟೆ, ಪ್ರವೀಣ್ ನಗಲಿಲ್ಲ. "ನೀವು ಮಾಡೋ ಕೆಲಸಕ್ಕೆ ಯಜಮಾನ್ರು ಹೇಳಿದ್ದೇ ಸರಿ ಮೇಡಂ. ತೆಳ್ಳಗಿರೋದು ಬೇಗ ಬಿಸಿ ಆಗ್ತದೆ. ಬಿಸಿ ಆದ್ರೆ ತಾನಾಗೇ ನಿಧಾನ ಆಗ್ತದೆ. ಹೊತ್ಕೊಂಡು ತಿರುಗೋರಿಗೆ ಅದು, ಕೂತು ದುಡಿಯೋರಿಗೆ ಇದು."

ಮಾವ ಗೆದ್ದ ಹುರುಪಿನಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಮುಂದಿನ ಮಾತುಕತೆಗೆಲ್ಲ ಅವರೇ ಯಜಮಾನರು. ಪ್ರವೀಣ್ ಸ್ಟೋರೇಜ್ ಎಷ್ಟು ಬೇಕು ಅಂದಾಗ, ಮಾವನಿಗೆ ನಮ್ಮ ಕಾಫಿ ಮೂಟೆ ಇಡುವ ಸ್ಟೋರು ನೆನಪಾಯಿತು. "ಸ್ಟೋರ್ ದೊಡ್ಡದೇ ಇರ್ಲಿ. ಒಂದು ವರ್ಷ ರೇಟ್ ಬರ್ಲಿಲ್ಲಾಂದ್ರೆ ಎಲ್ಲಿ ಮಡಗ್ತೀರಾ?" ಅಂದರು. ಸ್ಟೋರೇಜು ದೊಡ್ಡದೇ ಆಯಿತು. ನಾನು ಕೇಳಿದ ಹಾಗೆ ರ‍್ಯಾಮನ್ನು ದುಪ್ಪಟ್ಟು ಮಾಡಿ, ಎಲ್ಲ ಜೋಡಿಸಿ, ವಿಂಡೋಸ್ ಹಾಕಿ ಶನಿವಾರ ಕೊಡುವುದಾಗಿ ಪ್ರವೀಣ್ ಒಪ್ಪಿಕೊಂಡರು. ನಮ್ಮ ತೋಟದಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಕಷ್ಟ, ಆದ್ದರಿಂದ ಮನೆಯ ಜಗುಲಿ ಬಿಟ್ಟು ಕದಲದ ಮಾವನ ಫೋನ್ ನಂಬರು ಕೊಟ್ಟು ಬಂದೆವು. ಆ ನಂಬರು ಕೊಟ್ಟದ್ದರಿಂದ ಏನಾಯಿತು ಅಂತ ಈಗ ಹೇಳುತ್ತೇನೆ.

ಶನಿವಾರ ಮಧ್ಯಾಹ್ನ ನಾನು ಕಣದಲ್ಲಿ ಕಾಫಿ ಹರವಿಸುತ್ತಿದ್ದೆ. ಮಾವ ಜಗುಲಿಯಿಂದಲೇ ಕೂಗಿದರು. "ಮಗಾ, ನಿನ್ನ ಲ್ಯಾಪ್‌ಟಾಪು ರೆಡಿಯಂತೆ ಕಣವ್ವ!"

ನಾನು ಕಾಫಿ ಎಳೆಯುವ ಗೋರುಮಣೆ ಬಿಟ್ಟು ಓಡಿದೆ.

"ಎಲ್ಲಾ ಹಾಕಾಯ್ತಂತೆ. ಪಾಪ, ಡ್ರೈವರ್ ಒಂದೇ ಇಲ್ವಂತೆ. ಡ್ರೈವರ್ ಇಲ್ದೆ ಕಾರ್ಡ್ ಓಡಲ್ಲ, ಡ್ರೈವರ್ ಸಿಗೋದು ಸೋಮವಾರ ಸಂಜೆ ಆಗ್ತದೆ ಅಂದ. ಅಷ್ಟಕ್ಕೆ ಯಾಕಪ್ಪ ಸೋಮವಾರದ ತಂಕ ಕಾಯ್ತೀಯ, ನಾನೇ ಕಳಿಸ್ತೀನಿ ಅಂದೆ. ಜವರಪ್ಪ ಆಗ್ಲೇ ಹೊಂಟೋದ."

ಜವರಪ್ಪ ನಮ್ಮ ಪಿಕಪ್ ಓಡಿಸುವವನು.

ನಗಬೇಕೋ ಅಳಬೇಕೋ ತಿಳಿಯದೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಗ್ರಾಫಿಕ್ಸ್ ಕಾರ್ಡು ಕೆಲಸ ಮಾಡಬೇಕಾದರೆ ಡ್ರೈವರ್ ಅನ್ನುವ ಒಂದು ಸಾಫ್ಟ್‌ವೇರ್ ಹಾಕಬೇಕು, ಅದು ಮನುಷ್ಯ ಅಲ್ಲ ಅಂತ ಮಾವನಿಗೆ ಬಿಡಿಸಿ ಹೇಳಿದೆ. ಅವರು ಶಾಂತವಾಗಿ ಕೇಳಿಸಿಕೊಂಡರು. "ಮನುಷ್ಯ ಅಲ್ದಿದ್ರೆ ಡ್ರೈವರ್ ಅಂತ ಯಾಕೆ ಹೆಸರು ಮಡಗ್ತಾರೆ?" ಅಂದರು. ಲ್ಯಾಪ್‌ಟಾಪು ಬರುವುದು ಸೋಮವಾರ ಸಂಜೆಯಾದರೆ, ಸರೋಜಮ್ಮನ ಮನೆ ಬೆಂಗಳೂರಿನವರ ಪಾಲು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ತೀರ್ಮಾನಿಸಿ, ಮತ್ತೆ ಗೋರುಮಣೆ ಹಿಡಿದು ಕಾಫಿ ಎಳೆದೆ.

ಸಂಜೆ ಪಿಕಪ್ ಬಂತು. ಮುಂದಿನ ಸೀಟಿನಲ್ಲಿ ಲ್ಯಾಪ್‌ಟಾಪಿನ ಪೆಟ್ಟಿಗೆ ನೆಟ್ಟಗೆ ಕೂತಿತ್ತು, ಅದಕ್ಕೆ ಸೀಟ್ ಬೆಲ್ಟು ಹಾಕಿತ್ತು.

ನಡೆದದ್ದನ್ನು ಜವರಪ್ಪ ಚಹಾ ಕುಡಿಯುತ್ತಾ ಹೇಳಿದ. "ಅಂಗಡಿಗೋಗಿ, ಯಸಳೂರಿಂದ ಡ್ರೈವರ್ ಬಂದೀನಿ ಅಂದೆ ಕಣಕ್ಕ. ಆವಯ್ಯ ಕಂಪ್ಯೂಟರ್ ನೋಡ್ತಾನೇ, ಬಂತಾ, ಯಾವ ವರ್ಷನ್ನು ಅಂದ. ನಂಗೆ ಹತ್ತೊಂಬತ್ತು ವರ್ಷ ಸರ್ವೀಸ್ ಆಗೈತೆ, ಒಂದು ಆಕ್ಸಿಡೆಂಟ್ ಮಾಡಿಲ್ಲ ಅಂದೆ. ಆಮೇಲೆ ತಲೆ ಎತ್ತಿ ನೋಡ್ದ ನೋಡು, ನಗಾಕೆ ಶುರು ಮಾಡ್ದೋನು ಕಣ್ಣಲ್ಲಿ ನೀರು ಬಂದ್ರೂ ನಿಲ್ಲಿಸ್ಲಿಲ್ಲ. ರಸ್ತೇಲಿ ಜೆಸಿಬಿಯೋರು ಕೇಬಲ್ ಕಿತ್ತಾಕಿ ಅಂಗಡೀಲಿ ನೆಟ್ಟಿಲ್ಲ, ನೀನು ವಾಪಸ್ ಹೋಗಪ್ಪ ಅಂದ. ಲೋಡಿಲ್ದೆ ಗಾಡಿ ವಾಪಸ್ ತಗೊಂಡೋಗೋ ಪದ್ಧತಿ ನಮ್ ಎಸ್ಟೇಟಲ್ಲಿಲ್ಲ ಅಂತ ಸ್ಟೂಲ್ ಮೇಲೆ ಕುಂತ್ಕಂಬುಟ್ಟೆ. ಕೊನೆಗೆ ಅವ್ನೇ ತನ್ನ ಮೊಬೈಲ್ ನೆಟ್ಟಲ್ಲಿ ಅದ್ಯಾವನೋ ಇನ್ನೊಬ್ಬ ಡ್ರೈವರನ್ನ ಇಳಿಸ್ಕೊಂಡು ಹಾಕ್ಕೊಟ್ಟ."

ಮಾವ ಎಲೆಯಡಿಕೆ ಜಗಿಯುತ್ತಾ, "ಹಂಗಾದ್ರೆ ಡ್ರೈವರ್ ಕಳಿಸಿದ್ದು ತಪ್ಪೇನಾಗ್ಲಿಲ್ಲ," ಅಂದರು. ನನಗೆ ಅವರ ಕಾಲಿಗೆ ಬೀಳಬೇಕು ಅನ್ನುವಷ್ಟು ಖುಷಿಯಾಗಿತ್ತು.

ಭಾನುವಾರ ಬೆಳಿಗ್ಗೆಯೇ ಕೂತೆ. ಈಗ ಆನೇಮಹಲ್‌ನ ದಿಬ್ಬವನ್ನು ಫೋಟೊದಲ್ಲಿ ಕಂಡ ಹಾಗೆಯೇ ಕಟ್ಟಿದೆ. ಮನೆ, ಮನೆಯ ಸುತ್ತ ಮರ, ಮರದಡಿ ಕಾಫಿ ಗಿಡ. ಮನೆ ಪಕ್ಕದಲ್ಲಿ ಸರೋಜಮ್ಮನ ಹಳೆಯ ಕಣ. ಕಣದಲ್ಲಿ ಒಂದು ಹರವು ಕಾಫಿಯನ್ನೂ ಒಣಗಲು ಹಾಕಿದೆ. ಕಣ ತೋರಿಸುವುದು ಬೇಡ, ಕಂಪ್ಯೂಟರಿಗೆ ಸುಮ್ಮನೆ ಲೋಡು ಅಂತ ಸುನಿಲ್‌ಕುಮಾರ್ ಹೇಳಿದ್ದರು. ಕಾಫಿಯವರ ಮನೆಯನ್ನು ಕಣ ಬಿಟ್ಟು ತೋರಿಸಿದರೆ ಅದು ಯಾರ ಮನೆಯೋ ಆಗುತ್ತದೆ, ನನಗೆ ಹಾಗೆ ಮಾಡಲು ಮನಸ್ಸು ಬರಲಿಲ್ಲ.

ಒಳಗೆ ನಡೆಯಲು ಹೋದರೆ ಹೊಸ ಲ್ಯಾಪ್‌ಟಾಪೂ ತೆವಳಿತು! ಮೋಹನ್ ನನ್ನನ್ನು ಪಕ್ಕಕ್ಕೆ ಸರಿಸಿ ಕೂತರು. "ಇದ್ರಲ್ಲಿ ಎರಡು ಗ್ರಾಫಿಕ್ಸ್ ಇರ್ತವೆ ಕಣೇ. ಬ್ಯಾಟರಿ ಉಳಿಸೋಕೆ ಸಣ್ಣದು, ದುಡಿಯೋಕೆ ದೊಡ್ಡದು. ನಿನ್ನ ಸಾಫ್ಟ್‌ವೇರ್ ಸಣ್ಣದ್ರ ಮೇಲೆ ಕೂತೈತೆ." ಸೆಟ್ಟಿಂಗ್‌ನಲ್ಲಿ ಅದನ್ನು ದೊಡ್ಡದಕ್ಕೆ ಬದಲಾಯಿಸಿದರು. ಚಾರ್ಜರು ಸಿಕ್ಕಿಸಿ ಪೂರ್ತಿ ಪವರಿಗೆ ಹಾಕಿದರು. ಅಡಿಯಲ್ಲಿ ಗಾಳಿಯಾಡಲಿ ಅಂತ ಹಿಂಬದಿಗೆ ಎರಡು ತುಂಡು ಮರದ ರೀಪರು ಕೊಟ್ಟು ಎತ್ತರಿಸಿದರು. ಆಟ ಆಡಿ ಆಡಿ ಕಲಿತ ವಿದ್ಯೆ ಹೀಗೆ ಉಪಯೋಗಕ್ಕೆ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಹಾಗಂತ ಬಾಯಿಬಿಟ್ಟು ಹೇಳಲೂ ಇಲ್ಲ, ಹೇಳಿದರೆ ತಲೆ ಮೇಲೆ ಕೂರುತ್ತಾರೆ.

ಮನೆಯೊಳಗೆ ಈಗ ಸಲೀಸಾಯಿತು. ಅಂಗಳಕ್ಕೆ ಬಂದರೆ ಮಾತ್ರ ಇನ್ನೂ ಚೂರು ಎಡವುತ್ತಿತ್ತು.

"ನೆರಳು ಜಾಸ್ತಿ ಆಯ್ತು," ಅಂದರು ಮೋಹನ್. "ಒಂದೊಂದು ಎಲೆಗೂ ನೆರಳು ಲೆಕ್ಕ ಹಾಕ್ತಾ ಕೂತ್ರೆ ಎಂಥ ಮಿಷನ್ನೂ ಸುಸ್ತಾಗ್ತದೆ. ನೆರಳು ಕಮ್ಮಿ ಮಾಡು."

ಹಿಂದೆ ಕಾಫಿ ಲೋಟ ಹಿಡಿದು ನಿಂತಿದ್ದ ಮಾವನಿಗೆ ಈ ಮಾತು ಚೆನ್ನಾಗಿ ಅರ್ಥವಾಯಿತು. "ಮರಗಸಿ ಮಾಡವ್ವ ಮತ್ತೆ!" ಅಂದರು. ತೋಟದಲ್ಲಿ ನೆರಳು ದಟ್ಟವಾದಾಗ ಮರದ ಕೊಂಬೆ ಸವರಿ ಬಿಸಿಲು ಬಿಡಿಸುವುದಕ್ಕೆ ನಾವು ಹಾಗನ್ನುತ್ತೇವೆ. "ಮರ ಕಡೀಬ್ಯಾಡ, ಕೊಂಬೆ ಸವರು ಸಾಕು."

ದೂರದ ಮರಗಳ ಎಲೆ ಕಡಿಮೆ ಮಾಡಿದೆ, ನೆರಳನ್ನು ಒಂದು ಹಂತ ಇಳಿಸಿದೆ. ಅಂಗಳವೂ ಸಲೀಸಾಯಿತು. ಮಾವ ಲೋಟ ಎತ್ತಿ ಪರದೆಗೆ ಒಂದು ಸಲಾಮು ಹೊಡೆದರು.

ಆಮೇಲೆ ಮೋಹನ್ ಜಾಯ್‌ಸ್ಟಿಕ್ಕು ತಂದು, ಮನೆಯ ಒಂದೊಂದು ಗೋಡೆಗೂ ಬೇಕಂತಲೇ ಡಿಕ್ಕಿ ಹೊಡೆದು ನೋಡಿದರು. ಈ ಬಗೆಯ ಕೆಲಸದಲ್ಲಿ ಗೋಡೆ ಕಂಡರೆ ಸಾಲದು, ದಾಟಲು ಬಾರದ ಹಾಗೆ ಅದಕ್ಕೆ ತಡೆಯನ್ನೂ ಹಾಕಬೇಕು. ಇಲ್ಲದಿದ್ದರೆ ನಡೆಯುವವರು ದೆವ್ವದ ಹಾಗೆ ಆಚೆ ಹೋಗಿಬಿಡುತ್ತಾರೆ. ಎಲ್ಲ ಗೋಡೆಗಳೂ ಗಟ್ಟಿಯಿದ್ದವು. ಎಲ್ಲ ಮುಗಿಯಿತು ಅನ್ನುವಾಗ ಸುನಿಲ್‌ಕುಮಾರ್ ಫೋನ್ ಮಾಡಿ, ಅಡುಗೆಮನೆಯ ಗೋಡೆಯನ್ನು ಒಂದಡಿ ಆಚೆ ಸರಿಸಿ, ಹೊರಮೈಗೆ ಕಲ್ಲಿನ ಹೊದಿಕೆ ಕೊಡಿ ಅಂದರು. ಹೆದ್ದಾರಿಯಿಂದ ನೋಡುವವರಿಗೆ ಎಲಿವೇಷನ್, ಅಂದರೆ ಮನೆಯ ಹೊರನೋಟ, ಎದ್ದು ಕಾಣಬೇಕು, ಅದಕ್ಕೇ ಆ ಕಡೆ ಕಿಟಕಿ ಬಾಗಿಲು ಏನೂ ಇಲ್ಲದ ಬೋಳು ಗೋಡೆ. ಹಳೆಯದನ್ನು ತೆಗೆದು ಹೊಸ ಗೋಡೆ ಇಟ್ಟು, ಕಲ್ಲು ಹೊದಿಸಿ ಮುಗಿಸಿದೆ.

ಸೋಮವಾರ ಆನೇಮಹಲ್‌ಗೆ ನಾನೂ ಮೋಹನ್ನೂ ಹೋದೆವು. ಸುನಿಲ್‌ಕುಮಾರ್ ಆಗಲೇ ಬಂದು ಕೂತಿದ್ದರು. ಸರೋಜಮ್ಮ ಸದ್ಯಕ್ಕೆ ತಮ್ಮ ಕಾಫಿ ಸ್ಟೋರಿನಲ್ಲೇ ಒಲೆ ಹೂಡಿಕೊಂಡಿದ್ದರು. ಸಣ್ಣ ಮೈಕಟ್ಟು, ಅರವತ್ತೈದರ ಮೇಲಿನ ವಯಸ್ಸು, ಕಾಲು ಒಂದು ಕಡೆ ನಿಲ್ಲುವುದಿಲ್ಲ. ಸ್ಟೋರಿನ ಎದುರಿಗೇ ಕಣ, ಅದರ ತುಂಬ ಕಾಫಿ. ನಮ್ಮ ಜೊತೆ ಮಾತಾಡುತ್ತಾ, ಒಲೆಯ ಮೇಲಿನ ಸಾರು ತಿರುವುತ್ತಾ, ಕಣದ ಕಡೆಗೂ ಒಂದು ಕಣ್ಣಿಟ್ಟಿದ್ದರು.

"ನೀನು ಫ್ಲೆಕ್ಸ್ ಮಾಡೋಳಲ್ವಾ ಮಗ?" ಅಂದರು.

"ಹೂಂ," ಅಂದೆ, ಹಲ್ಲು ಕಚ್ಚಿಕೊಂಡು.

ಮೋಹನ್ ಜಾಯ್‌ಸ್ಟಿಕ್ಕನ್ನು ಅವರ ಕೈಗೆ ಕೊಟ್ಟರು. "ಎಡಗಡೆ ಹೆಬ್ಬೆಟ್ಟು ಒತ್ತಿದ್ರೆ ನಡೀತೀರಿ, ಬಲಗಡೇದು ತಿರುಗಿ ನೋಡೋಕೆ. ಬೀಳ್ತೀನಿ ಅಂತ ಹೆದರ್ಬೇಡಿ ಅಮ್ಮ."

"ಬಿದ್ರೆ ಬಿದ್ದೆ. ನಂದೇ ಮನೆ ತಾನೆ," ಅಂದರು ಸರೋಜಮ್ಮ.

ಮೊದಲು ಸ್ವಲ್ಪ ಹೊತ್ತು ಆಕಾಶ ನೋಡಿದರು, ಆಮೇಲೆ ಬಾಗಿಲ ಮುಂದೆ ಗಿರಗಿರ ತಿರುಗಿದರು. ಹಾಗೇ ಕೈ ಕುದುರಿತು. ಹೊಸ್ತಿಲು ದಾಟುವಾಗ ತಾವು ಕೂತಿದ್ದ ಕುರ್ಚಿಯಲ್ಲೇ ಬಲಗಾಲು ಮುಂದೆ ಚಾಚಿದರು. ಹಾಲ್ ನೋಡಿದರು, ದೇವರ ಕೋಣೆಯ ಮುಂದೆ ನಿಂತು ಒಂದು ಕೈಯಲ್ಲೇ ನಮಸ್ಕಾರ ಮಾಡಿದರು. ಅಡುಗೆಮನೆಗೆ ಹೋದರು. ಅಲ್ಲಿ ನಿಂತರು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು, ಮತ್ತೆ ಎಡಕ್ಕೆ ತಿರುಗಿದರು. ಅವರ ಮುಖ ಗಂಟಿಕ್ಕಿತು.

"ಏನೋ ಒಂದು ಸರಿ ಇಲ್ಲ," ಅಂದರು.

ಸುನಿಲ್‌ಕುಮಾರ್ ನನ್ನ ಕಡೆ ನೋಡಿ ನಿಟ್ಟುಸಿರು ಬಿಟ್ಟರು. ನನಗೆ ಅಳು ಬರುವುದೊಂದು ಬಾಕಿ. ಅಷ್ಟರಲ್ಲಿ ಹೊರಗೆ ಗಾಳಿ ಎದ್ದು, ಒಂದು ಮೋಡ ಬಿಸಿಲಿಗೆ ಅಡ್ಡ ಬಂತು. ಸರೋಜಮ್ಮ ಬೆಚ್ಚಿ ಬಾಗಿಲಾಚೆಯ ತಮ್ಮ ಕಣದತ್ತ ಕತ್ತು ತಿರುಗಿಸಿದರು. ಕತ್ತಿನ ಜೊತೆಗೆ ಹೆಬ್ಬೆಟ್ಟೂ ಒತ್ತಿತು.

ಪರದೆಯಲ್ಲಿ ಅವರು ನೆಟ್ಟಗೆ ಗೋಡೆಗೆ ಹೋದರು. ಗೋಡೆ ತಡೆಯಲಿಲ್ಲ. ಒಂದು ಕ್ಷಣ ಪರದೆ ಬೂದಿಬಣ್ಣಕ್ಕೆ ತಿರುಗಿತು, ಮರುಕ್ಷಣ ಸರೋಜಮ್ಮ ಕಲ್ಲಿನ ಹೊದಿಕೆಯ ಆಚೆ, ಬಿಸಿಲಲ್ಲಿ, ಕಣದ ಅಂಚಿನಲ್ಲಿ ನಿಂತಿದ್ದರು.

ಭಾನುವಾರ ಸರಿಸಿದ ಗೋಡೆ! ಹೊಸ ಗೋಡೆಗೆ ತಡೆ ಹಾಕುವುದನ್ನು ಮರೆತೇ ಬಿಟ್ಟಿದ್ದೆ. ಮೋಹನ್ ಡಿಕ್ಕಿ ಹೊಡೆದು ನೋಡಿದ್ದು ಅದಕ್ಕೆ ಮುಂಚೆ. ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಇದೇನ್ರೀ ಇದು, ಗೋಡೆ ಒಳಗಿಂದ ಹೋಗ್ತದೆ?" ಅಂದರು ಸುನಿಲ್‌ಕುಮಾರ್. "ಅದಕ್ಕೇ ನಾನು ಹೇಳಿದ್ದು, ಇದೆಲ್ಲ ಬೆಂಗಳೂರಿನೋರಿಗೇ..."

"ಸುಮ್ನಿರಪ್ಪ ಒಸಿ," ಅಂದರು ಸರೋಜಮ್ಮ.

ಅವರು ಪರದೆಗೆ ಮುಖ ತಾಗುವಷ್ಟು ಹತ್ತಿರ ಬಂದಿದ್ದರು. ಹಿಂದಕ್ಕೆ ತಿರುಗಿ ಗೋಡೆಯೊಳಗಿಂದ ಮತ್ತೆ ಅಡುಗೆಮನೆಗೆ ಹೋದರು. ಒಲೆಯ ಮುಂದೆ ನಿಂತರು. ಅಲ್ಲಿಂದ ಮತ್ತೆ ಗೋಡೆ ದಾಟಿ ಕಣಕ್ಕೆ ಬಂದರು. ಮತ್ತೆ ಒಲೆಗೆ, ಮತ್ತೆ ಕಣಕ್ಕೆ. ಓಡಾಡಿದಷ್ಟೂ ಅವರ ಮುಖ ಅರಳುತ್ತಾ ಹೋಯಿತು.

"ಇದೇ ಕಣ್ಲಾ! ಇಷ್ಟು ದಿನ ಸರಿ ಇಲ್ಲ, ಸರಿ ಇಲ್ಲ ಅಂತಿದ್ದೆನಲ್ಲ, ಇದೇ!" ಅಂದರು ಸುನಿಲ್‌ಕುಮಾರ್‌ಗೆ. "ಕಾಫಿ ಒಣಗಾಕಿದ್ದಾಗ ನಾಲ್ಕು ಹನಿ ಬಿದ್ರೆ ಒಲೆ ಮೇಲಿನ ಸಾರು ಬಿಟ್ಟು ಓಡ್ಬೇಕು. ನಿನ್ನ ಮನೇಲಿ ನಾನು ಹಾಲ್ ದಾಟಿ, ಮುಂಬಾಗ್ಲು ದಾಟಿ, ಮೆಟ್ಟಲು ಇಳಿದು, ಮನೆ ಸುತ್ಹಾಕ್ಕೊಂಡು ಓಡೋ ಹೊತ್ತಿಗೆ ಕಾಫಿ ಎಲ್ಲಾ ತೊಯ್ದೋಗಿರ್ತದೆ. ಇಲ್ಲೇ ಒಂದು ಬಾಗ್ಲು ಮಡಗು."

"ಅಮ್ಮ, ಎಲಿವೇಷನ್ ಹಾಳಾಗ್ತದೆ. ಆ ಕಡೆ ಕಲ್ಲಿನ ಹೊದಿಕೆ..."

"ರೋಡಲ್ಲಿ ಹೋಗೋರು ಬಂದು ನನ್ನ ಕಾಫಿ ಬಾಚ್ತಾರಾ? ಗೋಡೆ ದಾಟೋದು ನಾನು ದಾಟಾಯ್ತು. ಬಾಗ್ಲು ಮಡಗೋದು ನಿಂದು."

ಮೋಹನ್ ಮೇಜಿನಡಿಯಲ್ಲಿ ನನ್ನ ಕೈ ಹಿಡಿದುಕೊಂಡರು. ನನಗೆ ಆಗ ಅವರ ಮೇಲೆ, ಆ ಜಾಯ್‌ಸ್ಟಿಕ್ಕಿನ ಮೇಲೆ, ಕೇಬಲ್ ಕಿತ್ತ ಜೆಸಿಬಿಯ ಮೇಲೆ ಕೂಡ ಪ್ರೀತಿ ಉಕ್ಕಿ ಬಂತು. ಸುನಿಲ್‌ಕುಮಾರ್ ಒಂದು ನಿಮಿಷ ಮುಖ ಸಣ್ಣದು ಮಾಡಿಕೊಂಡಿದ್ದರು, ಆಮೇಲೆ ಅವರೇ ನಕ್ಕುಬಿಟ್ಟರು. "ಮೂರು ಪ್ಲಾನಲ್ಲಿ ನಂಗೆ ಸಿಗದೇ ಇದ್ದದ್ದು ನಿಮ್ಮ ತಪ್ಪಲ್ಲಿ ಸಿಕ್ತಲ್ರೀ," ಅಂದು, ಬಾಗಿಲಿನ ಅಳತೆ ಬರೆದುಕೊಂಡರು.

ಈಗ ಆಲೂರಿನ ಎರಡು ಮನೆಗಳ ಕೆಲಸ ನನ್ನ ಕೈಯಲ್ಲಿದೆ. ಲ್ಯಾಪ್‌ಟಾಪು ಹಗಲು ನನ್ನದು, ದೀಪ ಹಚ್ಚಿದ ಮೇಲೆ ಊಟದ ತನಕ ಮೋಹನ್‌ರದ್ದು. ಮೋಹನ್ ಕಾರು ಓಡಿಸುವಾಗ ಮಾವ ಪಕ್ಕದಲ್ಲಿ ಕೂತು, ತಿರುವಿನಲ್ಲಿ ಜವರಪ್ಪನಾದರೆ ಹೀಗೆ ಓಡಿಸುತ್ತಿರಲಿಲ್ಲ ಅಂತ ಬೈಯುತ್ತಾರೆ.

ಮೊನ್ನೆ ಸರೋಜಮ್ಮನ ಮನೆಯ ಬಾಗಿಲು ನಿಲ್ಲಿಸುವ ಪೂಜೆ ಇತ್ತು. ಮುಂಬಾಗಿಲಿನ ಚೌಕಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಹೂ ಏರಿಸಿ, ಕಾಯಿ ಒಡೆದಾಯಿತು. ಎಲ್ಲರೂ ಊಟಕ್ಕೆ ಹೊರಟಾಗ ಸರೋಜಮ್ಮ ಅರಿಶಿನದ ಬಟ್ಟಲು ಹಿಡಿದು ನನ್ನ ತೋಳು ಎಳೆದುಕೊಂಡು ಅಡುಗೆಮನೆಗೆ ಹೋದರು. ಕಣದ ಕಡೆಯ ಗೋಡೆಯಲ್ಲಿ ಇನ್ನೊಂದು ಚೌಕಟ್ಟು ನಿಂತಿತ್ತು. ಅದರಾಚೆ ಬಿಸಿಲು, ಹರವಿದ ಕಾಫಿ, ನಾನು ಪರದೆಯಲ್ಲಿ ಹಾಕಿದ ಹಾಗೆಯೇ.

"ಈ ಬಾಗ್ಲು ನಿಂದು. ನೀನೇ ಹಚ್ಚು," ಅಂದರು.

ನಾನು ಅರಿಶಿನ ಹಚ್ಚುವಾಗ ಗಾರೆ ಕೆಲಸದ ಮೇಸ್ತ್ರಿ ಮಹಾದೇವಯ್ಯ ಇಣುಕಿ ನೋಡಿದರು. ಮನೆಯವರಲ್ಲದವಳು ಬಾಗಿಲಿಗೆ ಅರಿಶಿನ ಹಚ್ಚುತ್ತಿರುವುದು ಅವರಿಗೆ ಆಶ್ಚರ್ಯ. "ಇವ್ರು ಯಸಳೂರಿನ ಫ್ಲೆಕ್ಸ್ ಮಧು ಅಲ್ವೇನಮ್ಮ?"

"ಯಾವ ಫ್ಲೆಕ್ಸೋ?" ಅಂದರು ಸರೋಜಮ್ಮ. "ನನ್ನ ಮನೆ ಕಟ್ಟಿದೋಳು ಕಣೋ ಇವ್ಳು. ನೀನು ಬರೀ ಇಟ್ಟಿಗೆ ಮಡಗಿದೋನು."